ಡಾಕ್ಟರಾಗಬೇಕೆಂಬ ಮಕ್ಕಳೂ ಕಾಲೇಜು ಹುಡುಕುವ ನಾವೂ

ಎಸ್‌.ಎಸ್‌.ಎಲ್‌.ಸಿ. ಫಲಿತಾಂಶ ಹೊರಬಿದ್ದ ಮರುದಿನದಿಂದ ನಮ್ಮ ಸಂಘದ ಕಚೇರಿಯ ಜಗಲಿಯಲ್ಲಿ ಧಾರಣೆಯ ಮಾತು ಸ್ವಲ್ಪ ದಿನ ಹಿಂದೆ ಸರಿಯುವುದು ವಾಡಿಕೆ. ಕೊಳೆರೋಗದ ಔಷಧಿಗೆಂದು ಮೈಲುತುತ್ತ ಒಯ್ಯಲು ಬಂದವರಾಗಲಿ, ಗೊಬ್ಬರದ ಚೀಟಿ ಬರೆಸಲು ಬಂದವರಾಗಲಿ, ಒಬ್ಬರನ್ನೊಬ್ಬರು ಕೇಳುವುದು ಒಂದೇ ಪ್ರಶ್ನೆ: "ಹುಡುಗನ್ನ ಎಲ್ಲಿಗೆ ಹಾಕಿದ್ರಿ?" ಮಗುವಿಗೆ ಶೇ. 90ರ ಮೇಲೆ ಬಂದಿದ್ದರೆ ಆ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ. ಡಾಕ್ಟರ್ ಮಾಡುವ ಯೋಚನೆಯೋ ಹೇಗೆ?

ಈ ಪತ್ರಿಕೆ ಇರುವುದು ಕಾಫಿ, ಅಡಿಕೆ, ಮೆಣಸಿನ ವಿಚಾರಕ್ಕೆ. ಆದರೂ ಕಾಲೇಜಿನ ಮಾತನ್ನು ಇಲ್ಲಿ ಎತ್ತುತ್ತಿರುವುದಕ್ಕೆ ಕಾರಣವಿದೆ. ತೋಟದ ಅಭಿವೃದ್ಧಿಗೆಂದು ಸಂಘದಿಂದ ಪಡೆದ ಸಾಲದಲ್ಲಿ ಒಂದಂಶ ತೋಟಕ್ಕೆ ಇಳಿಯದೆ, ಘಟ್ಟದ ಕೆಳಗಿನದೋ ಬೆಂಗಳೂರಿನದೋ ಯಾವುದೋ ಹಾಸ್ಟೆಲ್ ಕಾಲೇಜಿನ ಕೌಂಟರಿಗೆ ಹೋಗುತ್ತಿದೆ ಎಂಬುದು ಆಡಳಿತ ಮಂಡಳಿಗೂ ಗೊತ್ತು, ಸಾಲಗಾರರಿಗೂ ಗೊತ್ತು. ಬಾಯಿಬಿಟ್ಟು ಹೇಳುವವರಿಲ್ಲ ಅಷ್ಟೆ. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗ ಈ ಓಟ ಇನ್ನೂ ಜೋರಾಯಿತು. ಬೆಲೆ ಇಳಿದ ವರ್ಷ ಶುಲ್ಕದ ಎರಡನೇ ಕಂತು ಇಳಿಯುವುದಿಲ್ಲ ಎಂಬುದು ಆಗ ಯಾರಿಗೂ ಹೊಳೆದಂತಿಲ್ಲ. ಮಕ್ಕಳ ಓದಿಗೆ ಖರ್ಚು ಮಾಡಬೇಡಿ ಎಂದು ಹೇಳುವಷ್ಟು ದಡ್ಡರು ನಾವಲ್ಲ. ನರ್ಸರಿಯಲ್ಲಿ ಸಸಿ ಕೊಳ್ಳುವಾಗ ಬೇರು ತಿರುವಿ ನೋಡುತ್ತೇವಲ್ಲ, ಕಾಲೇಜನ್ನೂ ಅಷ್ಟಾದರೂ ತಿರುವಿ ನೋಡೋಣ ಎಂಬುದೇ ನಮ್ಮ ಅಹವಾಲು.

ನಮ್ಮ ತಲೆಮಾರಿನವರು ಕಾಲೇಜಿನ ಹೆಸರಿಗೆ ಕೊಡುವ ತೂಕ ಹಳೆಯ ಕಾಲದ್ದು. ಆಗ ಪಿ.ಯು.ಸಿ. ಅಂಕವೇ ಬಹುಮಟ್ಟಿಗೆ ವೈದ್ಯಕೀಯ ಸೀಟನ್ನು ನಿರ್ಧರಿಸುತ್ತಿತ್ತು. ಅದು ಸಾಲದವರಿಗೆ ಕ್ಯಾಪಿಟೇಶನ್ ದಾರಿ ಇತ್ತು. 1984ರಲ್ಲಿ ನಮ್ಮ ರಾಜ್ಯವೇ ಅದನ್ನು ನಿಷೇಧಿಸುವ ಕಾನೂನು ಮಾಡಿತು. 1994ರಲ್ಲಿ ಸಿ.ಇ.ಟಿ. ಬಂತು. 2013ರಲ್ಲಿ ನೀಟ್ ಒಮ್ಮೆ ಬಂದು ನ್ಯಾಯಾಲಯದಲ್ಲಿ ಬಿದ್ದುಹೋಗಿ, 2016ರಲ್ಲಿ ಮರಳಿ ಬಂದು ನೆಲೆಯೂರಿತು. ಅಲ್ಲಿಂದೀಚೆಗೆ ವೈದ್ಯಕೀಯ ಸೀಟಿನ ಮಟ್ಟಿಗೆ ಪಿ.ಯು.ಸಿ. ಅಂಕಕ್ಕೆ ಉಳಿದಿರುವ ಕೆಲಸ ಬಾಗಿಲು ದಾಟಿಸುವುದು ಮಾತ್ರ: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇ. 50, ಮೀಸಲು ವರ್ಗದವರಿಗೆ ಶೇ. 40 ಇರಬೇಕು. ಆಮೇಲೆ ಶೇ. 60 ಬಂದವನೂ ಶೇ. 99 ಬಂದವಳೂ ಒಂದೇ ಸಾಲಿನಲ್ಲಿ ನಿಂತವರು. ರ‍್ಯಾಂಕ್ ಕೊಡುವುದು ಮೂರು ಗಂಟೆಯ ಪರೀಕ್ಷೆ. 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ ನಾಲ್ಕು, ತಪ್ಪಿದರೆ ಒಂದು ಕಡಿತ. ಅದರಲ್ಲಿ ಸರಿಯಾಗಿ ಅರ್ಧ, ಅಂದರೆ 360 ಅಂಕ ಜೀವಶಾಸ್ತ್ರಕ್ಕೆ. ಗಣಿತಕ್ಕೆ ಏನೂ ಇಲ್ಲ.

ಹೀಗಿರುವಾಗ ಕಾಲೇಜಿನಲ್ಲಿ ಹುಡುಕಬೇಕಾದುದೇನು? ಮೊದಲು ಪುಸ್ತಕದ ಮಾತು. ನಮ್ಮ ರಾಜ್ಯದ ಪದವಿಪೂರ್ವ ವಿಜ್ಞಾನ ವಿಭಾಗದಲ್ಲಿ ಎನ್‌.ಸಿ.ಇ.ಆರ್‌.ಟಿ. ಪಠ್ಯವನ್ನು ಅಳವಡಿಸಿಕೊಂಡು ಹತ್ತು ವರ್ಷಕ್ಕೂ ಮೇಲಾಯಿತು. ನೀಟ್ ಪರೀಕ್ಷೆಯ, ಅದರಲ್ಲೂ ಜೀವಶಾಸ್ತ್ರದ ಪ್ರಶ್ನೆಗಳಿಗೆ ಆಧಾರವೂ ಆ ಪುಸ್ತಕಗಳೇ. ತಾಲ್ಲೂಕಿನ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಮಗು ಕೈಯಲ್ಲಿ ಹಿಡಿಯುವ ಪುಸ್ತಕವೂ, ಲಕ್ಷಗಟ್ಟಲೆ ಕೊಟ್ಟು ಸೇರಿದ ಕಾಲೇಜಿನಲ್ಲಿ ಹಿಡಿಯುವ ಪುಸ್ತಕವೂ ಒಂದೇ. ಈ ಸಂಗತಿ ತಿಳಿಯದ ತಂದೆತಾಯಂದಿರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಬಣ್ಣದ ರಟ್ಟಿನ 'ಮಾಡ್ಯೂಲ್'ಗಳ ಕಟ್ಟನ್ನು ತೋರಿಸಿದ ಕೂಡಲೆ ಅದರಲ್ಲಿ ಬೇರೇನೋ ವಿದ್ಯೆ ಇದೆ ಎನ್ನಿಸಿಬಿಡುತ್ತದೆ.

ಹಾಗೆಂದು ದುಬಾರಿ ಕಾಲೇಜಿನಲ್ಲಿ ಏನೂ ಇಲ್ಲವೆಂದರೆ ಅದು ಸುಳ್ಳಾದೀತು. ಪ್ರತಿ ವಾರ ಪರೀಕ್ಷೆ ಇರುತ್ತದೆ. ಬರೆದುದನ್ನು ಮರುದಿನವೇ ತಿದ್ದಿ ಕೊಡುತ್ತಾರೆ. ಭೌತಶಾಸ್ತ್ರದ ಲೆಕ್ಕ ಬಾರದಿದ್ದರೆ ಸಂಜೆ ಕುಳಿತು ಹೇಳಿಕೊಡುವವರಿದ್ದಾರೆ. ಜತೆಯ ಮಕ್ಕಳೂ ಅದೇ ಗುರಿಯವರು. ಇವೆಲ್ಲ ಬೆಲೆಯುಳ್ಳವೇ. ಮೂರು ಗಂಟೆಯಲ್ಲಿ 180 ಪ್ರಶ್ನೆ ಬಿಡಿಸುವುದು ಕಪಾತು ಮಾಡಿದಂತೆ, ಕೈ ಪಳಗದೆ ಬಾರದು. ಆದರೆ ಇವುಗಳಲ್ಲಿ ಯಾವುದೂ ಕಟ್ಟಡದಿಂದ ಬರುವಂಥದಲ್ಲ, ಕಲಿಸುವ ನಾಲ್ಕು ಮಂದಿಯಿಂದ ಬರುವಂಥದು. ಆ ನಾಲ್ಕು ಮಂದಿ ಯಾರು, ಎಷ್ಟು ವರ್ಷದಿಂದ ಅಲ್ಲಿದ್ದಾರೆ, ನಮ್ಮ ಮಗುವಿನ ತರಗತಿಗೆ ಅವರೇ ಬರುತ್ತಾರೋ ಅಥವಾ ಮುಂದಿನ ಬೆಂಚಿನ ಬ್ಯಾಚಿಗೆ ಮಾತ್ರವೋ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಮೆಸ್ಸಿನಲ್ಲಿ ದೋಸೆ ಕೊಡುತ್ತಾರೋ ಎಂದು ಕೇಳಿದವರನ್ನಂತೂ ನಾವು ಕಂಡಿದ್ದೇವೆ.

ಕೊಪ್ಪದ ಕಡೆಯ ನಮ್ಮ ಸದಸ್ಯರೊಬ್ಬರ ಮಗಳ ವಿಷಯ ಅವರ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿದ್ದೇವೆ. ಊರ ಶಾಲೆಯಲ್ಲಿ ಓದಿ ಒಳ್ಳೆಯ ಅಂಕ ತೆಗೆದ ಹುಡುಗಿ. ಕರಾವಳಿಯ ಒಂದು ಕಾಲೇಜಿಗೆ ಹಾಕಿದರು. ಎರಡು ವರ್ಷಕ್ಕೆ ನಾಲ್ಕು ಲಕ್ಷದ ಮಾತು, ಅರ್ಧ ಮುಂಗಡ. ಮೊದಲ ತಿಂಗಳ ಪರೀಕ್ಷೆಯಾದ ಮೇಲೆ ಮಕ್ಕಳನ್ನು ಅಂಕದ ಮೇಲೆ ವಿಂಗಡಿಸಿದರು. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸಿಟ್ಟ ಹಾಗೆ. ಊರಿಗೇ ಮೊದಲಿಗಳಾಗಿದ್ದವಳು ಅಲ್ಲಿ ಕೊನೆಯ ವಿಭಾಗಕ್ಕೆ ಬಿದ್ದಳು. ದೀಪಾವಳಿಗೆ ಬಂದವಳು ಮಾತಾಡುವುದನ್ನೇ ಬಿಟ್ಟಿದ್ದಳು. ತಾಯಿ ಕಚೇರಿಗೆ ಬಂದು ನಮ್ಮೊಡನೆ, "ಅಣ್ಣಯ್ಯ, ಅವಳು ಊಟಕ್ಕೆ ಕೂತ್ರೂ ಗಡಿಯಾರ ನೋಡ್ತಾಳೆ" ಎಂದರು. ಕೊಟ್ಟ ದುಡ್ಡಿನ ಮುಖ ನೋಡಿ ತಂದೆ ಹೇಗೋ ಆ ವರ್ಷ ಮುಗಿಸಿಸಿದರು. ಎರಡನೇ ವರ್ಷಕ್ಕೆ ಇಲಾಖೆಯ ಅನುಮತಿ ಪಡೆದು ತಾಲ್ಲೂಕು ಕಾಲೇಜಿಗೆ ಸೇರಿಸಿದ್ದಾರೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ನಿವೃತ್ತ ಉಪನ್ಯಾಸಕರೊಬ್ಬರ ಮನೆಯಲ್ಲಿ ಭೌತಶಾಸ್ತ್ರ ಹೇಳಿಸಿಕೊಂಡು, ಸಂಜೆ ಮನೆಗೆ ಬರುತ್ತಾಳೆ. ಸೀಟು ಸಿಗುತ್ತದೋ ಇಲ್ಲವೋ ನಾವು ಹೇಳಲಾರೆವು. ಕಣದ ಮೂಲೆಯಲ್ಲಿ ಕುಳಿತು ತಮ್ಮನೊಡನೆ ಜಗಳವಾಡುವುದನ್ನು ಮೊನ್ನೆ ನೋಡಿದೆವು. ತಂದೆಗೆ ಅದೇ ದೊಡ್ಡ ಸಮಾಧಾನವಾಗಿತ್ತು.

ಹೀಗೆ ಮಕ್ಕಳನ್ನು ಅಂಕದ ಮೇಲೆ ಬೇರೆಬೇರೆ ಬ್ಯಾಚುಗಳಲ್ಲಿ ಕೂರಿಸಬಾರದು ಎಂದು ಸುಪ್ರೀಂ ಕೋರ್ಟೇ 2025ರ ಜುಲೈನಲ್ಲಿ ಹೇಳಿದೆ. ವಿಶಾಖಪಟ್ಟಣದ ಹಾಸ್ಟೆಲೊಂದರಲ್ಲಿದ್ದ, ನೀಟ್‌ಗೆ ಓದುತ್ತಿದ್ದ ಹದಿನೇಳರ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಅದು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ತರಬೇತಿ ಪಡೆದ ಆಪ್ತಸಮಾಲೋಚಕರನ್ನು ಇಟ್ಟುಕೊಳ್ಳಬೇಕೆಂದೂ ಅದರಲ್ಲಿದೆ. ಸೇರಿಸುವ ಮುನ್ನ ಈ ಎರಡು ವಿಷಯ ಕೇಳುವುದು ತಂದೆತಾಯಿಯ ಹಕ್ಕು. ಉತ್ತರ ಕೊಡುವಾಗ ಮುಖ ಗಂಟಿಕ್ಕುವ ಕಾಲೇಜಿನಿಂದ ಅಲ್ಲಿಂದಲೇ ಎದ್ದು ಬರುವುದು ಒಳ್ಳೆಯದು.

ಇನ್ನು ಫ್ಲೆಕ್ಸ್ ಬೋರ್ಡುಗಳ ವಿಚಾರ. ಬಸ್‌ಸ್ಟ್ಯಾಂಡಿನಿಂದ ಹಿಡಿದು ಘಾಟಿಯ ತಿರುವಿನವರೆಗೆ ನಗುವ ಮಕ್ಕಳ ಫೋಟೋಗಳೇ. 'ನಮ್ಮಲ್ಲಿ ಇಷ್ಟು ಮಂದಿ ನೀಟ್ ಅರ್ಹತೆ ಪಡೆದರು' ಎಂದು ಕೆಳಗೆ ಸಂಖ್ಯೆ. ಈ 'ಅರ್ಹತೆ' ಎಂಬ ಮಾತು ಬಹಳ ಮೋಸದ್ದು. 2024ರಲ್ಲಿ ಪರೀಕ್ಷೆ ಬರೆದವರು ಸುಮಾರು 23 ಲಕ್ಷ; ಅರ್ಹತೆ ಪಡೆದವರು 13 ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಇದ್ದ ಎಂ.ಬಿ.ಬಿ.ಎಸ್‌. ಸೀಟು ಒಂದು ಲಕ್ಷದ ಮೇಲೆ ಸ್ವಲ್ಪ, ಅದರಲ್ಲೂ ನಮ್ಮಂಥವರ ಕೈಗೆಟುಕುವ ಸರ್ಕಾರಿ ಕಾಲೇಜಿನವು ಅರ್ಧದ ಆಸುಪಾಸು. ಅಂದರೆ ಬರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರ್ಹರು, ಅರ್ಹರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಸೀಟಿಲ್ಲ. ಕಾಲೇಜಿನವರನ್ನು ಕೇಳಬೇಕಾದುದು ಇಷ್ಟು: ಎರಡು ವರ್ಷದ ಹಿಂದೆ ನಿಮ್ಮಲ್ಲಿ ಸೇರಿದವರು ಎಷ್ಟು, ಅವರಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕಿದವರು ಎಷ್ಟು, ಫೋಟೋದಲ್ಲಿರುವ ಮಗು ಇಲ್ಲಿ ಎರಡು ವರ್ಷ ಓದಿದ್ದೋ ಅಥವಾ ಕೊನೆಯ ಒಂದು ತಿಂಗಳ ಮಾದರಿ ಪರೀಕ್ಷೆಗೆ ಮಾತ್ರ ಬಂದದ್ದೋ. ಈ ಕೊನೆಯ ಪ್ರಶ್ನೆ ನಮ್ಮ ಕುಚೋದ್ಯವಲ್ಲ. ಆಯ್ಕೆಯಾದ ಅಭ್ಯರ್ಥಿ ಯಾವ ಕೋರ್ಸು ಓದಿದ, ಎಷ್ಟು ಅವಧಿ ಓದಿದ ಎಂಬುದನ್ನು ಕೋಚಿಂಗ್ ಸಂಸ್ಥೆಗಳು ಜಾಹೀರಾತಿನಲ್ಲಿ ಮರೆಮಾಚಬಾರದೆಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಇನ್ನೂ ಒಂದು ಮಾತು: ಶೇ. 95ರ ಮೇಲಿನವರನ್ನೇ ಆರಿಸಿ ಸೇರಿಸಿಕೊಂಡ ಕಾಲೇಜಿಗೆ ಒಳ್ಳೆಯ ಫಲಿತಾಂಶ ಬಂದರೆ ಅದರಲ್ಲಿ ಕಾಲೇಜಿನ ಪಾಲೆಷ್ಟು, ಮಕ್ಕಳ ಪಾಲೆಷ್ಟು? ಹಣ್ಣು ಕಾಫಿಯನ್ನೇ ಕೊಂಡವನ ಕಣದಲ್ಲಿ ಒಳ್ಳೆಯ ಪಾರ್ಚ್‌ಮೆಂಟ್ ಆದರೆ ನಾವು ಕಣವನ್ನು ಹೊಗಳುವುದುಂಟೇ?

ನಮ್ಮ ಸದಸ್ಯರು ಹೆಚ್ಚಾಗಿ ಎಡವುವುದು ಇನ್ನೊಂದು ಜಾಗದಲ್ಲಿ, ಅದೂ ಪಿ.ಯು.ಸಿ.ಗೆ ಎಷ್ಟೋ ಮೊದಲು. ರಾಜ್ಯದ ಕೋಟಾದ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಗ್ರಾಮೀಣ ಎನ್ನಿಸಿಕೊಳ್ಳಲು ಒಂದನೇ ತರಗತಿಯಿಂದ ಹತ್ತನೆಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮಾಂತರ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮಕ್ಕೂ ಅದೇ ಹತ್ತು ವರ್ಷದ ಲೆಕ್ಕ. ಒಂದು ವರ್ಷ ತಪ್ಪಿದರೂ ಹಕ್ಕು ಹೋಯಿತು. ಆದಾಯದ, ವರ್ಗದ ನಿಯಮಗಳು ಬೇರೆ ಇವೆ, ಅವನ್ನು ಆಯಾ ವರ್ಷದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಈ ಸಾಲು ಬರೆಯುತ್ತಿರುವ ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇವೆ. ಹುಡುಗನನ್ನು ಐದನೇ ತರಗತಿಗೆ ಪೇಟೆಯ ಶಾಲೆಗೆ ಹಾಕಿದೆವು. ಇಂಗ್ಲಿಷ್ ಚೆನ್ನಾಗಿ ಬರಲಿ ಎಂಬ ಆಸೆ. ಎಂಟು ವರ್ಷದ ನಂತರ ಸೀಟು ಹಂಚಿಕೆಯ ದಿನ, ಅವನಿಗಿಂತ ಹಿಂದಿನ ರ‍್ಯಾಂಕಿನ ಹುಡುಗನಿಗೆ ಗ್ರಾಮೀಣ ಪಟ್ಟಿಯಲ್ಲಿ ಸರ್ಕಾರಿ ಸೀಟು ಸಿಕ್ಕಿದಾಗ ನಮಗೆ ಲೆಕ್ಕ ಅರ್ಥವಾಯಿತು. ಆ ಹುಡುಗನ ಮೇಲೆ ನಮಗೆ ಅಸೂಯೆಯಿಲ್ಲ, ಅವನಿಗೆ ಸಿಕ್ಕಿದ್ದು ನ್ಯಾಯವೇ. ನಮ್ಮ ಮನೆಯ ಹಿಂದಿನ ಶಾಲೆಯ ಬಾಗಿಲು ಮಕ್ಕಳಿಲ್ಲದೆ ಮುಚ್ಚುವುದಕ್ಕೆ ನಾವೂ ಒಂದು ಕೈ ಹಾಕಿದೆವಲ್ಲ ಎಂಬುದು ಮಾತ್ರ ಈಗಲೂ ಚುಚ್ಚುತ್ತದೆ. ಪಿ.ಯು.ಸಿ.ಯನ್ನು ಮಂಗಳೂರಿನಲ್ಲಿ ಓದಿದರೂ ಈ ಹಕ್ಕಿಗೆ ಧಕ್ಕೆಯಿಲ್ಲ. ಹತ್ತನೆಯವರೆಗೆ ಊರಿನಲ್ಲಿ ಇರಿಸಿದರೆ ಸಾಕು. ರಾಜಸ್ಥಾನದ ಕೋಟಾಕ್ಕೆ ಕಳಿಸುವ ಉಮೇದಿನವರು ಏಳು ವರ್ಷದ ನಿಯಮವನ್ನೂ ಮರೆಯಬಾರದು: ಒಂದರಿಂದ ಹನ್ನೆರಡರೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿ, ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲಿ ಪಾಸು ಮಾಡಿರಬೇಕು.

ಕನ್ನಡ ಮಾಧ್ಯಮದ ಮಕ್ಕಳಿಗೆ ಪಿ.ಯು.ಸಿ.ಯ ಮೊದಲ ಆರು ತಿಂಗಳು ಕಷ್ಟಕಾಲ. ವಿಷಯ ತಿಳಿಯದೆ ಅಲ್ಲ, ಪದ ತಿಳಿಯದೆ. ದ್ಯುತಿಸಂಶ್ಲೇಷಣೆ ಎಂದರೆ ಗಡಗಡನೆ ಹೇಳುವ ಹುಡುಗಿ ಫೋಟೋಸಿಂಥೆಸಿಸ್ ಎಂದಾಗ ತಲೆ ತಗ್ಗಿಸುತ್ತಾಳೆ. ಆ ಆರು ತಿಂಗಳು ಎರಡು ಭಾಷೆಯಲ್ಲೂ ಹೇಳಿಕೊಡುವ ಉಪನ್ಯಾಸಕರಿರುವ ಕಾಲೇಜು ಅಂಥ ಮಗುವಿಗೆ ಎಲ್ಲಕ್ಕಿಂತ ಒಳ್ಳೆಯ ಕಾಲೇಜು, ಅದರ ಹೆಸರು ಏನೇ ಇರಲಿ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಕನ್ನಡ ಆರಿಸಿಕೊಂಡವರಿಗೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಬರುತ್ತದೆ. ಭಾಷಾಂತರದಲ್ಲಿ ಗೊಂದಲವಾದರೆ ಇಂಗ್ಲಿಷಿನದೇ ಅಂತಿಮ, ಆದ್ದರಿಂದ ಎರಡನ್ನೂ ಓದುವ ಅಭ್ಯಾಸ ಬೇಕು.

ಅಮೆರಿಕದಲ್ಲಿರುವ ನಮ್ಮ ಕಡೆಯ ಸಂಸಾರಗಳು ರಜಕ್ಕೆ ಬಂದಾಗ ಅಲ್ಲಿನ ಮಾತು ಬರುವುದುಂಟು. ಅಲ್ಲಿ ಹನ್ನೆರಡು ಮುಗಿಸಿದ ಕೂಡಲೆ ವೈದ್ಯಕೀಯ ಕಾಲೇಜಿಲ್ಲ. ಮೊದಲು ನಾಲ್ಕು ವರ್ಷದ ಪದವಿ, ಅದು ಇತಿಹಾಸವಾದರೂ ಆದೀತು. ಜತೆಯಲ್ಲಿ ಜೀವಶಾಸ್ತ್ರ, ರಸಾಯನ, ಭೌತಶಾಸ್ತ್ರದ ನಿಗದಿತ ಪಾಠಗಳನ್ನು ಮುಗಿಸಿ, ಎಂಕ್ಯಾಟ್ ಎಂಬ ಪರೀಕ್ಷೆ ಬರೆದು, ಮತ್ತೆ ನಾಲ್ಕು ವರ್ಷ ವೈದ್ಯಕೀಯ. ಪದವಿಯ ನಾಲ್ಕು ವರ್ಷದ ಅಂಕ, ಆಸ್ಪತ್ರೆಯಲ್ಲಿ ಮಾಡಿದ ಸೇವೆ, ಗುರುಗಳ ಪತ್ರ, ಸಂದರ್ಶನ ಎಲ್ಲವನ್ನೂ ನೋಡುತ್ತಾರಂತೆ. ಅಲ್ಲಿಯೂ ತಂದೆತಾಯಂದಿರದು ಇದೇ ಜಗಳ: ದೊಡ್ಡ ಹೆಸರಿನ ಕಾಲೇಜಿನಲ್ಲಿ ಹಿಂದೆ ಬೀಳುವುದೋ, ಸಾಲವಿಲ್ಲದೆ ಊರ ಹತ್ತಿರದ ಕಾಲೇಜಿನಲ್ಲಿ ಮುಂದೆ ಇರುವುದೋ. ಹತ್ತಿರದ ಕಾಲೇಜೇ ಲೇಸೆಂದು ಹೇಳಿದ ತಾಯಿಯೊಬ್ಬರು, ಇಲ್ಲಿ ತಮ್ಮ ತಂಗಿಗೆ ಮಾತ್ರ ಬೆಂಗಳೂರಿನ ಹಾಸ್ಟೆಲನ್ನೇ ಶಿಫಾರಸು ಮಾಡಿ ಹೋದರು!

ವಿಷಯ ಆರಿಸುವಾಗ, ನೀಟ್‌ಗೆ ಗಣಿತ ಬೇಡವೆಂದು ಬಿಡಿಸಿಬಿಡುವುದು ಈಚೆಗೆ ಹೆಚ್ಚಾಗಿದೆ. ಗಣಿತವೆಂದರೆ ಜ್ವರ ಬರುವ ಮಗುವಿಗೆ ಅದು ಸರಿಯೇ. ಉಳಿದವರಿಗೆ ಅದನ್ನು ಉಳಿಸಿಕೊಳ್ಳುವುದು ಕ್ಷೇಮ. ವೈದ್ಯಕೀಯದ ಬಾಗಿಲು ತೆರೆಯದಿದ್ದರೆ ಬೇರೆ ಬಾಗಿಲುಗಳಿರುತ್ತವೆ. ಕೃಷಿ, ತೋಟಗಾರಿಕೆ, ಅರಣ್ಯ, ಪಶುವೈದ್ಯ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದೇ ಸೀಟುಗಳನ್ನು ಕಾದಿರಿಸಿದ್ದಾರೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಹಾಸನ, ಶಿವಮೊಗ್ಗಗಳಲ್ಲಿ ಪಶುವೈದ್ಯ ಕಾಲೇಜು ಇವೆ. ದನದ ಡಾಕ್ಟರು ಎಂದರೆ ಮೂಗು ಮುರಿಯುವವರು, ಹಸು ಕರು ಹಾಕಲಾರದೆ ಒದ್ದಾಡಿದ ರಾತ್ರಿ ಯಾರ ಮನೆಯ ಬಾಗಿಲು ತಟ್ಟಿದ್ದೆವು ಎಂಬುದನ್ನು ನೆನೆಯಲಿ.

ಒಂದು ಸಲ ಸೀಟು ಸಿಗದಿದ್ದರೆ ಮತ್ತೊಂದು ವರ್ಷ ಓದುವುದರಲ್ಲಿ ತಪ್ಪೇನಿಲ್ಲ. ನೀಟ್‌ಗೆ ಇಷ್ಟೇ ಸಲವೆಂಬ ಮಿತಿಯಿಲ್ಲ, ಮೇಲಿನ ವಯಸ್ಸಿನ ಮಿತಿಯೂ ಇಲ್ಲ. ಮಿತಿ ಇಲ್ಲದಿರುವುದೇ ಅಪಾಯ. ಎಷ್ಟು ಸಲ ಎಂಬುದನ್ನು ಮೊದಲೇ ಮನೆಯವರೆಲ್ಲ ಕುಳಿತು ಗೊತ್ತುಮಾಡಿಕೊಳ್ಳಬೇಕು. ಹೊರದೇಶದ ಸೀಟಿನ ದಲ್ಲಾಳಿಗಳೂ ನಮ್ಮ ಊರುಗಳಿಗೆ ಬರತೊಡಗಿದ್ದಾರೆ. 2022ರ ಮಾರ್ಚ್‌ನಲ್ಲಿ ಉಕ್ರೇನಿನ ಹಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಯುದ್ಧಕ್ಕೆ ಬಲಿಯಾದಾಗ, ಇಷ್ಟು ಮಕ್ಕಳು ಅಲ್ಲಿಗೆ ಏಕೆ ಹೋಗಿದ್ದರೆಂದು ದೇಶವೆಲ್ಲ ಕೇಳಿತು, ಆಮೇಲೆ ಮರೆಯಿತು. ಈಗಿನ ನಿಯಮದಂತೆ ಹೊರದೇಶದ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಇಂಗ್ಲಿಷ್ ಮಾಧ್ಯಮದ್ದಾಗಿರಬೇಕು, ಮರಳಿ ಬಂದ ಮೇಲೆ ಇಲ್ಲಿನ ಪರೀಕ್ಷೆ ದಾಟಬೇಕು. ದಲ್ಲಾಳಿ ಇದನ್ನು ಹೇಳುವುದಿಲ್ಲ.

ಸೀಟುಗಳೇನೋ ನಮ್ಮ ಹತ್ತಿರಕ್ಕೇ ಬಂದಿವೆ. ಹಾಸನಕ್ಕೆ 2006ರಲ್ಲಿ, ಮಡಿಕೇರಿಗೆ 2016ರಲ್ಲಿ, ಚಿಕ್ಕಮಗಳೂರಿಗೆ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಆ ಕಾಲೇಜುಗಳ ಕಾಂಪೌಂಡಿನ ಸುತ್ತಲಿನ ತೋಟಗಳ ಮಕ್ಕಳು ಅದರೊಳಗೆ ಹೋಗಲು ಇನ್ನೂರು ಮೈಲಿ ಸುತ್ತಿ ಬರಬೇಕೇ ಎಂಬುದು ನಮ್ಮ ಪ್ರಶ್ನೆ. ತಾಲ್ಲೂಕು ಕಾಲೇಜಿನಲ್ಲಿ ಪಾಠ ಚೆನ್ನಾಗಿಯೇ ಇದೆ. ಇಲ್ಲದಿರುವುದು ವಾರದ ಪರೀಕ್ಷೆ, ಸಂಜೆ ಕೂರಲು ಜಾಗ, ಕೊನೆಯ ಬಸ್ಸಿನ ನಂತರ ಹೆಣ್ಣುಮಕ್ಕಳಿಗೆ ಒಂದು ಆಸರೆ. ಭೌತಶಾಸ್ತ್ರದ ಹುದ್ದೆ ಆಗಾಗ್ಗೆ ಖಾಲಿ ಬೀಳುತ್ತದೆ, ಅತಿಥಿ ಉಪನ್ಯಾಸಕರು ಬರುವಷ್ಟರಲ್ಲಿ ಮಳೆಗಾಲ ಕಳೆದಿರುತ್ತದೆ.

ಸಂಘದ ಹಳೆಯ ಗೋದಾಮಿನ ಮೇಲಂತಸ್ತು, ಮೆಣಸಿನ ಚೀಲಗಳನ್ನು ಹೊಸ ಕಟ್ಟಡಕ್ಕೆ ಸಾಗಿಸಿದಂದಿನಿಂದ ಬರಿದಾಗಿದೆ. ಅಲ್ಲಿ ಓದುವ ಕೋಣೆ, ವಾರಕ್ಕೊಂದು ಮಾದರಿ ಪರೀಕ್ಷೆ, ಮೂರು ಮಂದಿ ನಿವೃತ್ತ ಉಪನ್ಯಾಸಕರಿಗೆ ಗೌರವಧನ, ರಾತ್ರಿ ಎಂಟರವರೆಗೆ ಒಂದು ವ್ಯಾನು: ಇಷ್ಟಕ್ಕೆ ಲಾಭಾಂಶದಿಂದ ಹಣ ತೆಗೆದಿಡಬಹುದೇ ಎಂಬುದನ್ನು ವಾರ್ಷಿಕ ಮಹಾಸಭೆಯಲ್ಲಿ ಇಡಬೇಕೆಂದಿದ್ದೇವೆ. ಲಾಭಾಂಶ ಕಡಿಮೆಯಾದೀತೆಂದು ಆಕ್ಷೇಪಿಸುವವರಿದ್ದಾರೆ, ಅವರ ಮಾತೂ ತೆಗೆದುಹಾಕುವಂಥದಲ್ಲ; ಮಕ್ಕಳು ಓದು ಮುಗಿಸಿದ ಸದಸ್ಯರು ಇದಕ್ಕೆ ಏಕೆ ಕೊಡಬೇಕೆಂದು ಒಬ್ಬರು ಕೇಳಿಯೂ ಕೇಳಿದರು. ಸಭೆಯಲ್ಲಿ ಮಾತಾಡಿ ತೀರ್ಮಾನಿಸೋಣ. ವಿಷಯ ಕಾರ್ಯಸೂಚಿಗೆ ಬರಲು ಹತ್ತು ಮಂದಿ ಸದಸ್ಯರ ಸಹಿ ಬೇಕು. ಆರು ಸಹಿ ಬಿದ್ದಿದೆ. ಅರ್ಜಿ ಗುಮಾಸ್ತರ ಮೇಜಿನ ಮೇಲಿದೆ.